ಕಬ್ಬಿನ ಲಾರಿಯ 697 ಇಂಜಿನ್: ಮೂರನೇ ರಾಡ್ ಬೇರಿಂಗ್ ಹೋದದ್ದು, ಫುಲ್ ಇಂಜಿನ್ ಕಟ್ಟಿದ್ದು

ಗಾಡಿ ಹಳೆಯ ಟಾಟಾ ಆರು ಚಕ್ರದ ಲಾರಿ, ಟರ್ಬೊ ಇಲ್ಲದ 697 ಇಂಜಿನ್. ಮಂಡ್ಯ ಸುತ್ತಲಿನ ಹಳ್ಳಿಗಳ ಗದ್ದೆ ಬದಿಯಿಂದ ಫ್ಯಾಕ್ಟರಿಗೆ ಕಬ್ಬು ಹೊರುವುದು ಅದರ ಕೆಲಸ. ಇಂಜಿನ್ ಬಿಚ್ಚಿ ಕಟ್ಟಿದ್ದು ಮಂಡ್ಯದಲ್ಲಿ. ಬೋರಿಂಗ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಗ್ರೈಂಡಿಂಗ್, ಡೀಸೆಲ್ ಪಂಪ್ ಕೆಲಸಕ್ಕೆ ಸಾಮಾನು ಮೈಸೂರಿನ ಬನ್ನಿಮಂಟಪದ ಕಡೆ ಹೋಯಿತು. ಒಟ್ಟು 19 ದಿನ, ₹1,09,400.

697 ಅಂದರೆ ಆರು ಸಿಲಿಂಡರ್, 97 ಮಿ.ಮೀ. ಬೋರ್ (ಸಿಲಿಂಡರ್‌ನ ಒಳ ಅಗಲ). ಸ್ಟ್ರೋಕ್ 128 ಮಿ.ಮೀ., ಒಟ್ಟು 5,675 ಸಿ.ಸಿ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಡೀಸೆಲ್ ಉರಿಯುವ ಸರದಿ) 1-5-3-6-2-4. ಒಂದನೇ ಸಿಲಿಂಡರ್ ರೇಡಿಯೇಟರ್ ಕಡೆಯದು. ಕೆಳಗಿನ ಸಿಲಿಂಡರ್ ನಂಬರುಗಳೆಲ್ಲ ಆ ಲೆಕ್ಕದಲ್ಲೇ ಇವೆ. ಬಿಡಿಭಾಗಗಳ ಅಳತೆಗಳೆಲ್ಲ ಮಿ.ಮೀ.ನಲ್ಲಿ.

ದಿನ 1: ಬಿಚ್ಚುವ ಮೊದಲು

ಬಂದಾಗಿನ ದೂರು: ಬೆಳಿಗ್ಗೆ ಸ್ಟಾರ್ಟ್ ಆಗಲು ಕಷ್ಟ, ನೀಲಿ ಹೊಗೆ, ಲೋಡ್‌ನಲ್ಲಿ ಪಿಕಪ್ ಇಲ್ಲ, 150 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಹಾಕಬೇಕು, ಎರಡು ದಿನದಿಂದ ಕೆಳಗಡೆ ಟಕಟಕ ಸದ್ದು. ಎಂಟು ತಿಂಗಳ ಹಿಂದೆ ಬೇರೆ ಕಡೆ ರಿಂಗ್ ಬದಲಾಯಿಸಿದ್ದರು. ಲೈನರ್ (ಪಿಸ್ಟನ್ ಓಡುವ ಒಳಗಿನ ಕೊಳವೆ), ಪಿಸ್ಟನ್ ಹಳೆಯವೇ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಎರಡು ಬೆರಳ ನಡುವೆ ಉಜ್ಜಿದರೆ ನುಣ್ಣಗಿನ ಮರಳು ಸಿಕ್ಕಂತೆ ಕರಕರ. ಡೀಸೆಲ್ ಇಂಜಿನ್ ಆಯಿಲ್ ಕಪ್ಪಾಗುವುದು ಸಹಜ, ಕರಕರ ಅನ್ನುವುದು ಸಹಜವಲ್ಲ. ಸುಮ್ಮನೆ ಸವೆದ ಇಂಜಿನ್ ಇದಲ್ಲ, ಏನೋ ಒಳಗೆ ಹೋಗಿದೆ ಅನ್ನುವುದಕ್ಕೆ ಮೊದಲ ಸುಳಿವು ಇದು.

ಆಯಿಲ್ ಲೆವೆಲ್ ಸರಿಮಾಡಿ ಅರ್ಧ ನಿಮಿಷ ಮಾತ್ರ ಓಡಿಸಿ, ಐಡ್ಲಿಂಗ್‌ನಲ್ಲಿ ಒಂದೊಂದೇ ನಾಜಲ್‌ನ ಪೈಪ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ನೋಡಿದ್ದು. ಯಾವ ಸಿಲಿಂಡರ್‌ಗೆ ಡೀಸೆಲ್ ನಿಲ್ಲಿಸಿದಾಗ ಸದ್ದು ಮೆತ್ತಗಾಗುತ್ತದೋ ತೊಂದರೆ ಅಲ್ಲಿರುತ್ತದೆ. ಮೂರನೆಯದರಲ್ಲಿ ಸದ್ದು ಸ್ಪಷ್ಟವಾಗಿ ಇಳಿಯಿತು. ತಕ್ಷಣ ಆಫ್. ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಸೇರಿಸುವ ತೋಳು) ಬೇರಿಂಗ್ ಸದ್ದು ಮಾಡುತ್ತಿರುವ ಇಂಜಿನ್ನನ್ನು "ಇನ್ನೊಂದು ಸಲ ಕೇಳೋಣ" ಅಂತ ಓಡಿಸಿದರೆ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ ಬರಬಹುದು.

ನಾಜಲ್ ತೂತಿಗೆ ಗೇಜ್ ಹಾಕಿ ಕಂಪ್ರೆಷನ್ ನೋಡಿದಾಗ 1ರಿಂದ 6ರವರೆಗೆ: 17, 18, 13, 16, 18, 15 ಕೆ.ಜಿ. (ಚದರ ಸೆಂ.ಮೀ.ಗೆ). ಆರೋಗ್ಯವಾಗಿರುವ ಇಂಜಿನ್ನಲ್ಲಿ 25ರ ಸುತ್ತಮುತ್ತ ಇರಬೇಕು. ಪೆಟ್ರೋಲ್ ಇಂಜಿನ್‌ಗೆ ಮಾಡುವಂತೆ ತೂತಿಗೆ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಯುವ ಪದ್ಧತಿ ಕೆಲವು ಕಡೆ ಇದೆ. ಡೀಸೆಲ್‌ನಲ್ಲಿ ಅದನ್ನು ನಂಬಬಾರದು. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬಹಳ ಕಡಿಮೆ. ಬಿಟ್ಟ ಆಯಿಲ್ ಆ ಜಾಗವನ್ನೇ ತುಂಬಿ ರೀಡಿಂಗನ್ನು ಸುಳ್ಳಾಗಿ ಏರಿಸುತ್ತದೆ. ಹೆಚ್ಚಾಗಿ ಬಿದ್ದರೆ ಪಿಸ್ಟನ್ ತಡೆದು ರಾಡ್ ಬಾಗುವ ಅಪಾಯವೂ ಇದೆ.

ದಿನ 2: ಚೇಂಬರ್ ಮತ್ತು ಹೋಸ್

ಆಯಿಲ್ ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿದಾಗ ತಳದಲ್ಲಿ ತಾಮ್ರದ ಬಣ್ಣದ ಚೂರು, ಬಿಸಿಲಿಗೆ ಹಿಡಿದರೆ ಜರಿಯಂತೆ ಹೊಳೆಯುತ್ತಿತ್ತು. ಮೂರನೇ ರಾಡ್ ಕ್ಯಾಪ್ ಬಿಚ್ಚಿದರೆ ಬೇರಿಂಗ್‌ನ ಎರಡು ಭಾಗವೂ ಒಂದರ ಮೇಲೊಂದು ಹತ್ತಿ ಕೂತಿದ್ದವು. ಲಾಕ್ ಮಾಡುವ ಕಿವಿ ತುಂಡಾಗಿ ಬೇರಿಂಗ್ ರಾಡ್ ಒಳಗೇ ತಿರುಗಿದೆ. ಕ್ರ್ಯಾಂಕ್ ಪಿನ್ (ರಾಡ್ ಕೂರುವ ದುಂಡು ಭಾಗ) ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು, ಅಂಚಿನಲ್ಲಿ ಬಿಸಿಯಾದ ನೀಲಿ.

ಮಾಲೀಕರ ಪ್ರಶ್ನೆ ಒಂದೇ: "ಅಣ್ಣ, ಹಾಫ್ ಇಂಜಿನ್‌ಗೇ ಮುಗಿಸಕ್ಕೆ ಆಗಕಿಲ್ವಾ?" ಆಗುವುದಿಲ್ಲ. ಹಾಫ್ ಇಂಜಿನ್ ಅಂದರೆ ಕ್ರ್ಯಾಂಕ್ ಇಳಿಸದೆ ಮೇಲಿನ ಭಾಗ ಮಾತ್ರ ಕಟ್ಟುವುದು. ಬೇರಿಂಗ್ ಲೋಹ ಆಯಿಲ್ ಜೊತೆ ಎಲ್ಲ ಗ್ಯಾಲರಿಗೂ (ಆಯಿಲ್ ಓಡುವ ದಾರಿಗಳಿಗೂ) ಹೋಗಿದೆ. ಕ್ರ್ಯಾಂಕ್ ಇಳಿಸದೆ ಅದನ್ನು ತೊಳೆಯುವ ದಾರಿಯೇ ಇಲ್ಲ.

ಅವತ್ತೇ ಹುಡುಕಬೇಕಾಗಿದ್ದದ್ದು ಧೂಳಿನ ದಾರಿ. ಏರ್ ಕ್ಲೀನರ್ ಆಯಿಲ್ ಬಾತ್‌ನದು, ಬಟ್ಟಲಿನಲ್ಲಿ ಆಯಿಲ್ ಲೆವೆಲ್ ಸರಿಯಾಗಿಯೇ ಇತ್ತು. ಅಲ್ಲಿಂದ ಇನ್ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಹೋಸ್ ಮೇಲಿನಿಂದ ನೋಡಿದರೆ ಹೊಸದರಂತೆ ಕಾಣುತ್ತಿತ್ತು. ಕ್ಲಾಂಪ್ ಬಿಚ್ಚಿ ತಿರುಗಿಸಿದಾಗ ಅಡಿಭಾಗದಲ್ಲಿ, ಸರಿಯಾಗಿ ಕ್ಲಾಂಪ್ ಅಂಚಿನ ಪಕ್ಕ, ಎರಡು ಇಂಚಿನ ಸೀಳು. ಮ್ಯಾನಿಫೋಲ್ಡ್ ಒಳಗೆ ಬೆರಳು ಹಾಕಿ ಎಳೆದರೆ ಸೀಳಿನ ನೇರಕ್ಕೆ ಒಂದು ಪಟ್ಟಿಯಲ್ಲಿ ಮಾತ್ರ ಕೆಂಪು ಮಣ್ಣಿನ ಪುಡಿ ಆಯಿಲ್ ಜೊತೆ ಕಲಸಿ ಮೆತ್ತಿಕೊಂಡಿತ್ತು. ಉಳಿದ ಕಡೆ ಬರೀ ಕಪ್ಪು. ಕಬ್ಬು ಕಡಿದ ಗದ್ದೆಗೆ ಲಾರಿ ಇಳಿದಾಗ, ಮುಂದೆ ಇನ್ನೊಂದು ಟ್ರ್ಯಾಕ್ಟರ್ ಹೋಗುತ್ತಿರುವಾಗ, ಬಂಡಿ ದಾರಿಯ ಧೂಳು ಫಿಲ್ಟರ್‌ಗೆ ಹೋಗದೆ ಈ ಸೀಳಿನಿಂದ ನೇರವಾಗಿ ಸಿಲಿಂಡರ್‌ಗೆ ಹೋಗಿದೆ.

ಉಳಿದದ್ದೆಲ್ಲ ಅದರ ಹಿಂದೆಯೇ ಬಂದದ್ದು. ಧೂಳು ರಿಂಗ್ ಮತ್ತು ಲೈನರ್ ತಿಂದಿತು, ಆಯಿಲ್ ಸುಡತೊಡಗಿತು, ಲೆವೆಲ್ ಇಳಿಯಿತು, ಅದೇ ಧೂಳು ಆಯಿಲ್‌ಗೆ ಇಳಿದು ಬೇರಿಂಗ್ ಸವೆಸಿತು, ಒಂದು ದಿನ ಮೂರನೆಯದಕ್ಕೆ ಆಯಿಲ್ ಸಾಲಲಿಲ್ಲ. ಎಂಟು ತಿಂಗಳ ಹಿಂದೆ ರಿಂಗ್ ಹಾಕಿದಾಗಲೇ ಹೋಸ್ ತಿರುಗಿಸಿ ನೋಡಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ದಿನ 3–4: ಇಳಿಸಿ ಅಳೆದದ್ದು

ಎರಡು ಟನ್ ಚೈನ್ ಬ್ಲಾಕ್‌ನಲ್ಲಿ ಇಂಜಿನ್ ಇಳಿಸಿದ್ದು. ಬಿಚ್ಚುವ ಮೊದಲು ರಾಡ್, ರಾಡ್ ಕ್ಯಾಪ್, ಮೇನ್ ಕ್ಯಾಪ್ ಎಲ್ಲಕ್ಕೂ ನಂಬರ್ ಪಂಚ್, ಒಂದೇ ಬದಿಗೆ. ಹಳೆಯ ನಂಬರ್ ಇದ್ದರೂ ನಂಬಬಾರದು. ಇದರಲ್ಲಿ 2 ಮತ್ತು 5ನೇ ರಾಡ್ ಅದಲುಬದಲಾಗಿ ಕೂತಿದ್ದವು.

ಬೋರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆದದ್ದು. ಮೇಲಿನ ರಿಂಗ್ ತುದಿ ಮುಟ್ಟಿ ವಾಪಸ್ ಇಳಿಯುವ ಜಾಗದಲ್ಲಿ ಮೂರನೆಯದು 97.34, ಉಳಿದವು 97.21ರಿಂದ 97.30. ಕೆಳಗಡೆ ಮಾತ್ರ 97.04. ಅಂದರೆ ಲೈನರ್ ಲಾಳಿಕೆಯಂತೆ ಮೇಲೆ ಅಗಲ. ಬೋರ್ 0.34 ಸವೆದರೆ ರಿಂಗ್ ಗ್ಯಾಪ್ ಅದರ ಮೂರು ಪಟ್ಟಿಗೂ ಸ್ವಲ್ಪ ಹೆಚ್ಚು ತೆರೆಯುತ್ತದೆ, ಒಂದು ಮಿ.ಮೀ. ದಾಟುತ್ತದೆ. ಹೊಸ ರಿಂಗ್ ಹಾಕಿಯೂ ಆಯಿಲ್ ಯಾಕೆ ನಿಲ್ಲಲಿಲ್ಲ ಅನ್ನುವುದಕ್ಕೆ ಬೇರೆ ಉತ್ತರ ಬೇಡ. ಮೂರನೆಯದರ ಮೇಲಿನ ರಿಂಗ್ ಎರಡು ತುಂಡಾಗಿತ್ತು. ಲೈನರ್ ತುದಿಯಲ್ಲಿ ಉಳಿದಿದ್ದ ಸವೆಯದ ಅಂಚಿಗೆ ಹೊಸ ರಿಂಗ್ ಬಡಿದು ಮುರಿದಿದೆ.

ಕ್ರ್ಯಾಂಕ್‌ನ ಮೂರನೇ ಪಿನ್‌ನ ಗೀರು ಒಂದು ಬದಿಗೆ 0.2 ಆಳ. ಹಾಗಾಗಿ ಆರೂ ಪಿನ್ ಎರಡನೇ ಸೈಜಿಗೆ, 0.50 ಕಡಿಮೆ. ಮೇನ್ ಜರ್ನಲ್‌ಗಳಿಗೆ (ಕ್ರ್ಯಾಂಕ್ ಬ್ಲಾಕ್‌ನಲ್ಲಿ ಕೂರುವ ಭಾಗಗಳಿಗೆ) ಮೊದಲ ಸೈಜ್, 0.25 ಸಾಕಾಯಿತು. ಮೂರನೇ ರಾಡ್‌ನ ದೊಡ್ಡ ಕಣ್ಣು 0.08 ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಆ ರಾಡನ್ನು ಬದಿಗಿಟ್ಟೆವು. ಸೆಕೆಂಡ್ ಹ್ಯಾಂಡ್ ರಾಡ್ ₹1,800. ತೂಕ ಹೊಂದಬೇಕು, ಅದಕ್ಕೆ ಪಕ್ಕದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ. ಮೂರು ರಾಡ್ ತೂಗಿ, ಉಳಿದ ಐದರ ತೂಕಕ್ಕೆ ಹತ್ತು ಗ್ರಾಂ ಒಳಗೆ ಬಂದದ್ದನ್ನು ಆರಿಸಿದ್ದು. ರಾಡ್ ಬೋಲ್ಟ್ ಹನ್ನೆರಡೂ ಹೊಸವು, ₹1,320. ಹಳೆಯ ಬೋಲ್ಟ್ ನೋಡಲು ಎಷ್ಟೇ ಚೆನ್ನಾಗಿದ್ದರೂ ಈ ಜಾಗಕ್ಕೆ ವಾಪಸ್ ಹಾಕುವಂಥದ್ದಲ್ಲ.

ಹೆಡ್ ತಿರುಗಿಸಿದಾಗ ನೀರಿನ ದಾರಿಯಲ್ಲಿ ಮೂರು ಮಿ.ಮೀ. ದಪ್ಪ ಬಿಳಿ ಗಾರೆ. ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ಸುರಿದ ಫಲ. ಸ್ಟ್ರೇಟ್ ಎಡ್ಜ್ ಇಟ್ಟು ನೋಡಿದರೆ ನಡುವೆ 0.12ರ ಫೀಲರ್ ನುಗ್ಗಿತು.

ದಿನ 5–11: ಮಶೀನ್ ಶಾಪ್

ಬ್ಲಾಕ್: ಹಳೆಯ ಡ್ರೈ ಲೈನರ್ ಬೋರ್ ಮಾಡಿ ತೆಗೆದು, ಹೊಸ ಸೆಮಿ ಫಿನಿಶ್ ಲೈನರ್ ಪ್ರೆಸ್‌ನಲ್ಲಿ ಕೂರಿಸಿದ್ದು. ಹಳೆಯದು ತೆಗೆದ ಮೇಲೆ ಬ್ಲಾಕ್‌ನ ಕಣ್ಣನ್ನು ಒರೆಸಿ ಅಳೆಯಲೇಬೇಕು. ಅಲ್ಲಿ ಹಿಡಿತ ಕಡಿಮೆಯಾದರೆ ಲೈನರ್ ಬಿಸಿಯನ್ನು ಬ್ಲಾಕ್‌ಗೆ ದಾಟಿಸುವುದಿಲ್ಲ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಂತರ ಪಿಸ್ಟನ್ ಒಂದೊಂದನ್ನೂ ಸ್ಕರ್ಟ್‌ನ ಕೆಳಗೆ, ಪಿಸ್ಟನ್ ಪಿನ್‌ಗೆ ಅಡ್ಡ ದಿಕ್ಕಿನಲ್ಲಿ ಅಳೆದು ಅದರ ಅಳತೆಗೇ ಅದರ ಬೋರ್ ಮಾಡಿಸಿದ್ದು. ಕ್ಲಿಯರೆನ್ಸ್ 0.13. ಬೋರಿಂಗ್‌ನಲ್ಲಿ 0.06 ಉಳಿಸಿ ಆ ಭಾಗ ಹೋನಿಂಗ್‌ನಲ್ಲಿ ತೆಗೆಸಿದ್ದು. ಹೋನ್‌ನ ಗೀರು ಒಂದನ್ನೊಂದು ಅಡ್ಡ ದಾಟಬೇಕು. ಕನ್ನಡಿಯಂತೆ ನುಣ್ಣಗಾದರೆ ರಿಂಗ್ ಕೂರುವುದಿಲ್ಲ. ಲೈನರ್, ಪಿಸ್ಟನ್, ರಿಂಗ್ ಕಿಟ್ ₹22,800, ಬ್ಲಾಕ್ ಕೆಲಸ ಸಿಲಿಂಡರ್‌ಗೆ ₹1,250ರಂತೆ ₹7,500.

ಕ್ರ್ಯಾಂಕ್: ಮೊದಲು ಬಿರುಕು ಪರೀಕ್ಷೆ, ಆಮೇಲೆ ಗ್ರೈಂಡಿಂಗ್. ಬಂದಾಗ ಅಳತೆಯೆಲ್ಲ ಸರಿ, ಆದರೆ ಐದನೇ ಪಿನ್‌ನ ಮೂಲೆಗೆ ಉಗುರು ಎಳೆದರೆ ಚೂಪಾಗಿ ಸಿಕ್ಕಿತು. ಪಿನ್ ಗೋಡೆಗೆ ಸೇರುವ ಜಾಗದಲ್ಲಿ ದುಂಡಗಿನ ತಿರುವು ಇರಬೇಕು. ಗ್ರೈಂಡಿಂಗ್ ಕಲ್ಲಿನ ಅಂಚನ್ನು ತಪ್ಪಾಗಿ ಡ್ರೆಸ್ ಮಾಡಿದ್ದರೆ (ತೀಡಿದ್ದರೆ) ಆ ತಿರುವು ಮಾಯವಾಗುತ್ತದೆ. ಕ್ರ್ಯಾಂಕ್ ತುಂಡಾಗುವುದು ಅಲ್ಲಿಂದಲೇ. ಮೈಕ್ರೋಮೀಟರ್ ಇದನ್ನು ತೋರಿಸುವುದಿಲ್ಲ, ಉಗುರು ಮತ್ತು ರೇಡಿಯಸ್ ಗೇಜ್ ತೋರಿಸುತ್ತವೆ. ವಾಪಸ್ ಕಳಿಸಿ ಸರಿಮಾಡಿಸಲು ಎರಡು ದಿನ ಹೋಯಿತು. ದುಡ್ಡು ಹೆಚ್ಚು ಕೇಳಲಿಲ್ಲ. ಆಯಿಲ್ ತೂತುಗಳ ಬಾಯಿ ಸ್ವಲ್ಪ ಇಳಿಜಾರು ಮಾಡಿ ಉಜ್ಜಿಸಿದ್ದೂ ಆಗಲೇ. ₹4,800.

ಹೆಡ್: ಗಾರೆ ತೆಗೆಸಿ ಪ್ರೆಷರ್ ಟೆಸ್ಟ್, ಬಿರುಕು ಇರಲಿಲ್ಲ. ಗೈಡ್ ಹನ್ನೆರಡು ಬದಲಿ, ಸೀಟ್ ಕಟಿಂಗ್, 0.15 ಫೇಸಿಂಗ್. ಫೇಸಿಂಗ್ ಆದಮೇಲೆ ವಾಲ್ವ್ ತಲೆ ಹೆಡ್‌ನ ಮಟ್ಟಕ್ಕಿಂತ ಎಷ್ಟು ಒಳಗಿದೆ, ನಾಜಲ್ ತುದಿ ಎಷ್ಟು ಹೊರಗಿದೆ, ಎರಡನ್ನೂ ಅಳೆಯದೆ ಹಾಕಬಾರದು. ₹6,900.

ನಾಜಲ್ ಆರು ಹೊಸವು, ₹4,680. ಡೀಸೆಲ್ ಪಂಪ್ ಕ್ಯಾಲಿಬ್ರೇಷನ್ ₹5,500. ರೇಡಿಯೇಟರ್ ಬಿಚ್ಚಿ, ಒಳಗಿನ ಕೊಳವೆ ಬಿಡಿಸಲು ಕಡ್ಡಿ ಹೊಡೆಸಿದ್ದು ₹2,600. ಹೊರಗಡೆ ಫಿನ್‌ಗಳ ನಡುವೆ ಕಬ್ಬಿನ ತರಗು ಚಾಪೆಯಂತೆ ಹೆಣೆದುಕೊಂಡಿತ್ತು. ಸಾಗಣೆ ₹3,500.

ದಿನ 12: ತೊಳೆಯುವುದು

ಇದಕ್ಕೆ ಒಂದು ಪೂರ್ತಿ ದಿನ ಕೊಟ್ಟದ್ದು, ಕೊಡಲೇಬೇಕು. ಹೋನಿಂಗ್ ಆದ ಬೋರನ್ನು ಡೀಸೆಲ್‌ನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿದರೆ ಕಲ್ಲಿನ ಪುಡಿ ಗೀರುಗಳ ಒಳಗೇ ಉಳಿಯುತ್ತದೆ. ಬಿಸಿನೀರು, ಸೋಪಿನ ಪುಡಿ, ಗಟ್ಟಿ ಬ್ರಷ್ ಬೇಕು. ತೊಳೆದು ಗಾಳಿ ಹೊಡೆದು, ಹಳೆಯ ಬಿಳಿ ಪಂಚೆ ತುಂಡಿಗೆ ಹೊಸ ಆಯಿಲ್ ಅದ್ದಿ ಬೋರ್ ಒರೆಸಿದಾಗ ಬಟ್ಟೆ ಬೂದು ಬಣ್ಣಕ್ಕೆ ತಿರುಗಿತು. ಮತ್ತೆ ಸೋಪು. ಎರಡನೇ ಸಲವೂ ತೆಳ್ಳಗೆ ಬೂದು. ಮೂರನೇ ಸಲ ಪಂಚೆ ಆಯಿಲ್ ಬಣ್ಣದಲ್ಲೇ ಉಳಿಯಿತು. ಧೂಳಿನಿಂದ ಹಾಳಾದ ಇಂಜಿನ್‌ಗೆ ಕಲ್ಲಿನ ಪುಡಿ ಬಿಟ್ಟು ಮುಚ್ಚಿದರೆ ಅದೇ ರೋಗವನ್ನು ನಾವೇ ಕೈಯಾರೆ ತುಂಬಿದಂತೆ.

ಬ್ಲಾಕ್‌ನ ಆಯಿಲ್ ಗ್ಯಾಲರಿ ಪ್ಲಗ್‌ಗಳನ್ನು ತೆಗೆದು ಉದ್ದ ಬ್ರಷ್ ಹಾಕಿ ಎಳೆದಾಗ ತಾಮ್ರದ ಚೂರು ಇನ್ನೂ ಬಂತು. ಕ್ರ್ಯಾಂಕ್‌ನ ತೂತುಗಳಿಗೂ ಹಾಗೆಯೇ.

ಆದರೆ ಇಲ್ಲೇ ಒಂದು ದೊಡ್ಡ ತಪ್ಪು ಆಯಿತು. ಆಯಿಲ್ ಪಂಪ್‌ನ ಗೇರ್ ನೋಡಿ, ಆಟ ಅಳೆದು, ಚೆನ್ನಾಗಿದೆ ಅಂತ ಹೊರಗಿನಿಂದ ಮಾತ್ರ ತೊಳೆದು ಇಟ್ಟದ್ದು. ಅದರ ರಿಲೀಫ್ ವಾಲ್ವ್ (ಪ್ರೆಷರ್ ಹೆಚ್ಚಾದಾಗ ಆಯಿಲ್ ವಾಪಸ್ ಬಿಡುವುದು) ಬಿಚ್ಚಲಿಲ್ಲ.

ದಿನ 13–14: ಕಟ್ಟಿದ್ದು

ಮೇನ್ ಬೇರಿಂಗ್, ರಾಡ್ ಬೇರಿಂಗ್, ಥ್ರಸ್ಟ್ ಸೇರಿ ₹6,400. ಪ್ಲಾಸ್ಟಿಗೇಜ್ ಎಳೆ (ಅದುಮಿದಾಗ ಅಗಲವಾಗಿ ಸಂದಿನ ಅಳತೆ ತೋರಿಸುವ ಪ್ಲಾಸ್ಟಿಕ್ ನೂಲು) ಇಟ್ಟು ಬಿಗಿದು ನೋಡಿದಾಗ ಮೇನ್‌ನಲ್ಲಿ 0.06–0.07 ಕ್ಲಿಯರೆನ್ಸ್. ಒಂದೊಂದು ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾ ಹೋಗಬೇಕು, ಏಳೂ ಬಿಗಿದು ಕೊನೆಗೆ ತಿರುಗಿಸಿದರೆ ಯಾವುದು ಹಿಡಿಯಿತೋ ಗೊತ್ತಾಗುವುದಿಲ್ಲ. ನಾಲ್ಕನೆಯದರಲ್ಲಿ ಬಿಗಿ ಬಂತು. ಬಿಚ್ಚಿ ನೋಡಿದರೆ ಬೇರಿಂಗ್‌ನ ಬೆನ್ನಿಗೆ ಪಂಚೆಯ ಒಂದೇ ಒಂದು ನೂಲು. ತೆಗೆದ ಮೇಲೆ ಸಲೀಸು. ಮುಂದಕ್ಕೂ ಹಿಂದಕ್ಕೂ ಆಡುವ ಆಟ 0.15.

ಪ್ರತಿ ರಿಂಗನ್ನೂ ಅದು ಹೋಗುವ ಬೋರ್‌ಗೇ ಇಳಿಸಿ, ಪಿಸ್ಟನ್‌ನಿಂದ ನೇರ ತಳ್ಳಿ ಗ್ಯಾಪ್ ನೋಡಿದ್ದು. ಗುರಿ 0.35. ಎರಡು ರಿಂಗ್‌ನಲ್ಲಿ 0.20 ಮಾತ್ರ ಇತ್ತು, ಅರದಿಂದ ಸರಿಮಾಡಿದ್ದು. ಬಾಕ್ಸ್‌ನಿಂದ ಬಂದದ್ದೆಲ್ಲ ಸರಿಯಿರುತ್ತದೆ ಅಂತ ಹಾಕಿದರೆ ಬಿಸಿಯಾದಾಗ ತುದಿ ತುದಿ ಸೇರಿ ಬೋರ್ ಗೀರುತ್ತದೆ.

ಹೆಡ್ ಬೋಲ್ಟ್ ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚ್‌ನಲ್ಲಿ ಮೂರು ಹಂತವಾಗಿ. ಟಪ್ಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ತಣ್ಣಗಿರುವಾಗ ಇನ್ಲೆಟ್ 0.20, ಎಕ್ಸಾಸ್ಟ್ 0.30. ಸುಲಭದ ಕ್ರಮ ಹೀಗಿದೆ: 6ರ ಎರಡೂ ವಾಲ್ವ್ ತೂಗುತ್ತಿರುವಾಗ (ಎಕ್ಸಾಸ್ಟ್ ಮುಚ್ಚುತ್ತ ಇನ್ಲೆಟ್ ತೆರೆಯುತ್ತಿರುವಾಗ) 1ನ್ನು ಸೆಟ್ ಮಾಡುವುದು. ಮೂರನೇ ಒಂದು ಸುತ್ತು ತಿರುಗಿಸಿದರೆ 2 ತೂಗುತ್ತದೆ, ಆಗ 5. ಹಾಗೇ 4 ತೂಗಿದಾಗ 3, 1 ತೂಗಿದಾಗ 6, 5 ತೂಗಿದಾಗ 2, 3 ತೂಗಿದಾಗ 4. ಎರಡೇ ಸುತ್ತಿನಲ್ಲಿ ಹನ್ನೆರಡೂ ಮುಗಿಯುತ್ತದೆ.

ಪ್ಯಾಕಿಂಗ್ ಸೆಟ್ ₹3,600. ಹೊಸ ಹೋಸ್ ಮತ್ತು ಎರಡು ಗಟ್ಟಿ ಕ್ಲಾಂಪ್ ₹600.

ಇಂಜಿನ್ ಕೂರಿಸುವಾಗ ಇನ್ನೊಂದು ವಿಷಯ ಸಿಕ್ಕಿತು. ಮುಂದಿನ ಮೌಂಟಿಂಗ್ ರಬ್ಬರ್ ಒಂದು ಬದಿ ಪೂರ್ತಿ ಚಪ್ಪಟೆ. ಏರ್ ಕ್ಲೀನರ್ ಇರುವುದು ಚಾಸಿಸ್ ಬ್ರಾಕೆಟ್ ಮೇಲೆ, ಮ್ಯಾನಿಫೋಲ್ಡ್ ಇರುವುದು ಇಂಜಿನ್ ಮೇಲೆ. ಇಂಜಿನ್ ಅಲುಗಾಡಿದಾಗಲೆಲ್ಲ ಎಳೆತ ಬಿದ್ದದ್ದು ನಡುವಿನ ಹೋಸ್ ಮೇಲೆ, ಅದಕ್ಕೇ ಅಡಿಯಲ್ಲಿ ಸೀಳಿದೆ. ಹೋಸ್ ಮಾತ್ರ ಹೊಸದು ಹಾಕಿದ್ದರೆ ಅದೂ ಮುಂದಿನ ಸೀಸನ್‌ಗೆ ಸೀಳುತ್ತಿತ್ತು. ಮೌಂಟಿಂಗ್ ಸೆಟ್ ₹1,700.

ದಿನ 15: ಸ್ಟಾರ್ಟ್ ಆಗಲಿಲ್ಲ

ಏರ್ ತೆಗೆದು ಸೆಲ್ಫ್ ಹೊಡೆದರೆ ಬಿಳಿ ಹೊಗೆ, ಇನ್ಟೇಕ್ ಕಡೆ ಪಟ್ ಅನ್ನುವ ಸದ್ದು, ಸ್ಟಾರ್ಟ್ ಇಲ್ಲ. ತಪ್ಪಾದದ್ದು ಡೀಸೆಲ್ ಪಂಪನ್ನು ಕೂರಿಸಿದ ರೀತಿಯಲ್ಲಿ. ಟೈಮಿಂಗ್ ಗುರುತು ನೋಡಿದ್ದು ಸರಿ, ಆದರೆ ಆ ಗುರುತು ಬಂದಾಗ 1 ಮತ್ತು 6 ಎರಡೂ ಮೇಲಿರುತ್ತವೆ. ಕಂಪ್ರೆಷನ್‌ನಲ್ಲಿ ಇದ್ದದ್ದು 6. ಪಂಪ್ ಒಂದನೆಯದಕ್ಕೆ ಡೀಸೆಲ್ ಕೊಡುತ್ತಿತ್ತು, ಅಲ್ಲಿ ವಾಲ್ವ್ ತೆರೆದಿತ್ತು. ಟಪ್ಪೆಟ್ ಕವರ್ ತೆಗೆದು 6ರ ವಾಲ್ವ್ ತೂಗುವುದನ್ನು ಕಣ್ಣಲ್ಲಿ ನೋಡಿ ಪಂಪ್ ಮತ್ತೆ ಕೂರಿಸಲು ಎರಡು ಗಂಟೆ. ಕವರ್ ಹಾಕುವ ಮೊದಲೇ ಇದನ್ನು ನೋಡಬೇಕಿತ್ತು.

ಆಮೇಲೆ ಸ್ಟಾಪ್ ಲಿವರ್ ಎಳೆದು ಹಿಡಿದು ಆಯಿಲ್ ಗೇಜ್ ಏಳುವವರೆಗೆ ಸೆಲ್ಫ್, ಹತ್ತು ಸೆಕೆಂಡ್‌ಗೆ ಒಮ್ಮೆ ಬಿಡುವು. ಬಿಟ್ಟಾಗ ಮೊದಲ ಹೊಡೆತಕ್ಕೇ ಎದ್ದಿತು.

ದಿನ 16–17: ಆಯಿಲ್ ಪ್ರೆಷರ್ ಇಲ್ಲ

ತಣ್ಣಗಿರುವಾಗ 4 ಕೆ.ಜಿ. ಬಿಸಿಯಾಗಿ ಐಡ್ಲಿಂಗ್‌ಗೆ ಬಂದರೆ 0.6. ಮೊದಲು ಗೇಜ್ ಮೇಲೆ ಅನುಮಾನ, ಬೇರೆ ಗೇಜ್ ನೇರವಾಗಿ ಕಟ್ಟಿ ನೋಡಿದರೂ ಅಷ್ಟೇ. ದಪ್ಪ ಆಯಿಲ್ ಹಾಕೋಣ ಅನ್ನುವ ಸಲಹೆ ಬಂತು. ಅದು ರೋಗ ಮುಚ್ಚುವ ಕೆಲಸ. ಬೇರಿಂಗ್ ಕ್ಲಿಯರೆನ್ಸ್ ಅಳೆದು ಬರೆದಿಟ್ಟಿದ್ದರಿಂದ ಅಲ್ಲಿ ತಪ್ಪಿಲ್ಲ ಅನ್ನುವ ಧೈರ್ಯ ಇತ್ತು. ಉಳಿದದ್ದು ಆಯಿಲ್ ಪಂಪ್ ಒಂದೇ.

ಚೇಂಬರ್ ಇಳಿಸಿ ರಿಲೀಫ್ ವಾಲ್ವ್ ಬಿಚ್ಚಿದಾಗ ಅದರ ಸೀಟ್ ಮೇಲೆ ಸಾಸಿವೆ ಅರ್ಧದಷ್ಟು ಒಂದು ತಾಮ್ರದ ಚೂರು. ವಾಲ್ವ್ ಪೂರ್ತಿ ಮುಚ್ಚದೆ ಆಯಿಲ್ ವಾಪಸ್ ಚೇಂಬರ್‌ಗೇ ಸೋರುತ್ತಿತ್ತು. ತೊಳೆದು, ಸ್ಪ್ರಿಂಗ್ ಹೊಸದು ಹಾಕಿ, ಚೇಂಬರ್ ಮುಚ್ಚಿದ್ದು. ಬಿಸಿ ಐಡ್ಲಿಂಗ್‌ನಲ್ಲಿ 1.8, ಓಟದಲ್ಲಿ 4.2. ಈ ತಪ್ಪಿಗೆ ಎರಡು ದಿನ, ಮತ್ತೆ 14 ಲೀಟರ್ 15ಡಬ್ಲ್ಯು-40 ಆಯಿಲ್ ₹4,480, ಒಂದು ಫಿಲ್ಟರ್ ₹420. ಲೋಹದ ಚೂರು ಕಂಡ ಮೇಲೆ ಹಳೆಯ ಆಯಿಲ್ ಸೋಸಿ ಹಾಕುವ ಪ್ರಶ್ನೆ ಬರುವುದಿಲ್ಲ. ಮೊದಲ ಸಲದ್ದೂ ಸೇರಿ ಆಯಿಲ್, ಫಿಲ್ಟರ್‌ಗೇ ₹9,800. ಕೂಲಂಟ್ ₹1,900, ಕೂಲಿ ₹24,000.

ದಿನ 18–19, ಆಮೇಲೆ 500 ಕಿ.ಮೀ.

ಹೊಸ ರಿಂಗ್ ಕೂರಲು ಲೋಡ್ ಬೇಕು. ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಟ್ಟರೆ ಲೈನರ್ ಪಾಲಿಶ್ ಆಗುತ್ತದೆ, ಆಯಿಲ್ ಸುಡುವುದು ನಿಲ್ಲುವುದಿಲ್ಲ. ಎರಡು ದಿನ ಖಾಲಿ ಗಾಡಿ ಮಂಡ್ಯ–ಮದ್ದೂರು ನಡುವೆ ಓಡಿಸಿ, ನಂತರ ಅರ್ಧ ಲೋಡ್‌ಗೆ ಬಿಟ್ಟದ್ದು. 1,500 ಕಿ.ಮೀ. ತನಕ ಪೂರ್ತಿ ಲೋಡ್ ಬೇಡ ಅಂತ ಹೇಳಿ ಕಳಿಸಿದ್ದು. ನೀರು ಕಡಿಮೆಯಾದರೆ ಕೂಲಂಟನ್ನೇ ತುಂಬಲು ಐದು ಲೀಟರ್ ಕ್ಯಾನ್ ಕ್ಯಾಬಿನ್‌ನಲ್ಲೇ ಇಡಿಸಿದ್ದು, ಇಲ್ಲದಿದ್ದರೆ ಕೈ ಹೋಗುವುದು ಮತ್ತೆ ಬೋರ್‌ವೆಲ್‌ಗೇ.

500 ಕಿ.ಮೀ.ಗೆ ವಾಪಸ್ ಬಂದಾಗ ಆಯಿಲ್ ಬದಲಿ, ಹೆಡ್ ಬೋಲ್ಟ್ ಮತ್ತು ಟಪ್ಪೆಟ್ ಮತ್ತೊಮ್ಮೆ. ಆರೂ ಸಿಲಿಂಡರ್ ಕಂಪ್ರೆಷನ್ 25ರಿಂದ 26. ಡಿಪ್‌ಸ್ಟಿಕ್‌ನಲ್ಲಿ ಅರ್ಧ ಸೆಂಟಿಮೀಟರ್ ಮಾತ್ರ ಇಳಿದಿತ್ತು. ಹೋಸ್ ಬಿಚ್ಚಿ ಮ್ಯಾನಿಫೋಲ್ಡ್ ಒಳಗೆ ಬೆರಳು ಎಳೆದರೆ ಕೆಂಪು ಇಲ್ಲ. ಫ್ಲೈವೀಲ್ ಕವರ್ ಅಡಿಯಲ್ಲಿ, ಹಿಂದಿನ ಕ್ರ್ಯಾಂಕ್ ಸೀಲ್ ಕಡೆಯಿಂದ, ಸ್ವಲ್ಪ ತೇವ ಕಾಣಿಸಿದೆ. ಒರೆಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಬಿಟ್ಟಿದೆ. ಗೆರೆ ದಾಟಿ ಹನಿ ಕಟ್ಟಿದರೆ 1,500ರ ಸರ್ವಿಸ್‌ನಲ್ಲಿ ಗೇರ್ ಬಾಕ್ಸ್ ಇಳಿಸಿ ನೋಡಬೇಕು.